ನೀರುಗಂಟಿಗೆ ಜಾಮೀನು ನಿಂತ ದೊಡ್ಡಮಲ್ಲಮ್ಮ

ನೇರಳೆಕೆರೆಯ ದೊಡ್ಡಮಲ್ಲಮ್ಮನ ಬಾಯಿ ತೆರಕಣಾಂಬಿಯವರೆಗೂ ಹೆಸರುವಾಸಿ. ಚಾಮರಾಜನಗರದ ಬಸ್ಸಿನ ಕಂಡಕ್ಟರುಗಳು ಆಕೆಯನ್ನು ಕಂಡೊಡನೆ ಸೀಟು ಬಿಡಿಸಿಕೊಡುತ್ತಿದ್ದರು. ಅದು ಗೌರವಕ್ಕಲ್ಲ. ಬಿಡಿಸಿಕೊಡದಿದ್ದರೆ ಊರು ಮುಟ್ಟುವಷ್ಟರಲ್ಲಿ ತಮ್ಮ ಅಪ್ಪ, ಅಜ್ಜ, ಮುತ್ತಜ್ಜಂದಿರ ಯೋಗ್ಯತೆಯೆಲ್ಲ ಬಸ್ಸಿಗೇ ಗೊತ್ತಾಗುತ್ತದೆ ಎಂಬ ಭಯಕ್ಕೆ. ಒಂದು ಮಾತಿಗೆ ಹತ್ತು ಮಾತು ಕೊಡುವ ಹೆಂಗಸು. ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಲ ಮಾತು ಕಮ್ಮಿ ಮಾಡಿದಳು. ಆ ಒಂದು ಸಲಕ್ಕೆ ಏನೂ ತಪ್ಪು ಮಾಡದ ಒಬ್ಬ ಬಡವ ಕೊಲೆ ಕೇಸಿನಲ್ಲಿ ಜೈಲು ಸೇರಿದ. ಅವನನ್ನು ಹೊರಗೆ ತರಲು ಆಕೆ ಎಷ್ಟು ಮಾತಾಡಬೇಕಾಯಿತು ಎನ್ನುವುದೇ ಇಲ್ಲಿನ ಕಥೆ.

ದೊಡ್ಡಮಲ್ಲಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದರು. ಹಾಗಾಗಿ ತವರುಮನೆ, ಗಂಡನ ಮನೆ ಎರಡೂ ಒಂದೇ ಗೋಡೆಯ ಆಚೆ ಈಚೆ. ಗೋಡೆಗೆ ಒಂದು ನಡುಬಾಗಿಲು; ಅದಕ್ಕೆ ಅಗುಳಿ ಇದ್ದರೂ ಅದನ್ನು ಹಾಕಿದ್ದನ್ನು ಕಂಡವರಿಲ್ಲ. ಗಂಡ ಬೇಗ ತೀರಿಕೊಂಡ. ಮಕ್ಕಳಿಲ್ಲ. ಕೆರೆಯ ಕೆಳಗಿನ ಗದ್ದೆ ಆಕೆಯ ಹೆಸರಿಗೇ ಖಾತೆಯಾಯಿತು. ಹೆಂಗಸಿನ ಹೆಸರಿಗೆ ಖಾತೆ ಎಂದರೆ ಆ ಕಾಲಕ್ಕೆ ಊರವರಿಗೆ ನಗೆಪಾಟಲು. ಆಕೆ ಮಾತ್ರ ಕಂದಾಯದ ದಿನ ಹಣೆತುಂಬ ವಿಭೂತಿ ಬಳಿದುಕೊಂಡು, ಗಂಡಸರ ಸಾಲಿನಲ್ಲೇ ನಿಂತು ಕಟ್ಟಿ ಬರುತ್ತಿದ್ದಳು. ಗದ್ದೆ ಗೇಯುತ್ತಿದ್ದವನು ಗೋಡೆಯಾಚೆಯ ತಮ್ಮ ಸಿದ್ದಮಲ್ಲಪ್ಪ. ಅವನ ಗದ್ದೆಯೂ ಪಕ್ಕದಲ್ಲೇ. ಎರಡೂ ಕಾಲುವೆಯ ಬಾಲದಲ್ಲಿದ್ದವು. ತಮ್ಮನ ಹೆಂಡತಿ ಶಾಂತಮಲ್ಲಮ್ಮ ಇವಳಿಗೆ ತದ್ವಿರುದ್ಧ. ಮಜ್ಜಿಗೆ ಕಡೆಯುವ ಸದ್ದು ಬಿಟ್ಟರೆ ಆ ಕಡೆಯಿಂದ ಬೇರೆ ಸದ್ದೇ ಕೇಳುತ್ತಿರಲಿಲ್ಲ. ದೊಡ್ಡಮಲ್ಲಮ್ಮ ಮಾತಾಡುವುದು, ಶಾಂತಮಲ್ಲಮ್ಮ ಕೇಳುವುದು, ಹೀಗೆ ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತ್ತು.

ಬಾಲದ ಗದ್ದೆಯವರ ಪಾಡು ಗೊತ್ತಿದ್ದದ್ದೇ. ಕೆರೆ ತುಂಬಿದರೂ ನೀರು ತಲೆಗದ್ದೆಗಳನ್ನು ಕುಡಿಸಿ, ಮಿಕ್ಕರೆ ತಾನೇ ಅಲ್ಲಿಗೆ ಬರುವುದು. ಆದರೂ ಅಲ್ಲಿ ಪೈರು ಬೆಳೆಯುತ್ತಿತ್ತೆಂದರೆ ಅದು ನೀರುಗಂಟಿ ಪುಟ್ಟಮಾದುವಿನಿಂದ. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಸರದಿ ಯಾವಾಗ ಎಂದು ನೋಡಿ ನೀರು ಕೊಡುವುದು ಅವನ ಕೆಲಸ. ಅವನ ಅಪ್ಪ, ತಾತ ಮಾಡಿದ್ದೂ ಅದೇ. ಅವನಿಗೆ ಅಂಗೈ ಅಗಲ ಭೂಮಿಯಿಲ್ಲ. ಭೂಮಿಯಿಲ್ಲದವನಿಗೇ ಆ ಕೆಲಸ ಕೊಡುವುದು. ಇದ್ದವನಾದರೆ ತನ್ನ ಗದ್ದೆಯ ಕಡೆಗೇ ನೀರು ತಿರುಗಿಸುತ್ತಾನೆ ಎಂದು ಹಿರಿಯರಿಗೆ ಗೊತ್ತಿತ್ತು.

ನೇರಳೆಕೆರೆಯಲ್ಲಿ ನೀರಿಗೆ ಎರಡು ಕಟ್ಟಳೆ ಇದ್ದವು. ತೂಬಿನ ಬಳಿ ಜಗಳ ಎದ್ದರೆ ನೀರುಗಂಟಿ ತನ್ನ ಗುದ್ದಲಿಯನ್ನು ಅಡ್ಡಲಾಗಿ ಮಲಗಿಸುತ್ತಾನೆ. ಎಂಥ ಸಾಹುಕಾರನಾದರೂ ಅದನ್ನು ದಾಟಬಾರದು. ಇದು ಒಂದು. ಇನ್ನೊಂದು, ನೀರಿನ ದೆಸೆಯಿಂದ ಯಾರ ಮನೆಗಾದರೂ ಕೆಡುಕಾದರೆ, ಬದು ಒಡೆದು ಪೈರು ಹೋಗಲಿ, ಕರು ಕಾಲುವೆಗೆ ಬೀಳಲಿ, ತಪ್ಪು ಯಾರದೇ ಇರಲಿ, ನೀರುಗಂಟಿ ಆ ಮನೆಯ ಹೊಸ್ತಿಲ ಮುಂದೆ ಗುದ್ದಲಿ ಇಟ್ಟು ಕೂರಬೇಕು. ಮನೆಯವರು ಬೈಯುತ್ತಾರೆ. ಬೈದು ಸಾಕಾದ ಮೇಲೆ ‘ಎತ್ಕೊ’ ಎನ್ನುತ್ತಾರೆ. ಅಷ್ಟಾದರೆ ಮುಗಿಯಿತು, ಅವನು ಗುದ್ದಲಿ ಎತ್ತಿಕೊಂಡು ಹೋಗುತ್ತಾನೆ. ಆ ಮಾತು ಬರುವ ತನಕ ಅವನು ತೂಬು ಮುಟ್ಟುವಂತಿಲ್ಲ. ಊರಿನಲ್ಲಿ ಪುಟ್ಟಮಾದು ಅತಿ ಹೆಚ್ಚು ಹೊತ್ತು ಕೂತದ್ದು ದೊಡ್ಡಮಲ್ಲಮ್ಮನ ಹೊಸ್ತಿಲಲ್ಲೇ. ಆಕೆಗೆ ಬೈದು ಸಾಕಾಗುವುದೆಂದರೆ ಸುಮ್ಮನೆ ಆಗುವ ಕೆಲಸವಲ್ಲವಲ್ಲ.

ಸಾವಿರದ ಒಂಬೈನೂರ ಐವತ್ತೈದರ ಕಾರ್ತಿಕದಲ್ಲಿ ನಾಟಿ ಮುಗಿದಿತ್ತು. ಬಾಲದ ಗದ್ದೆಯ ಸರದಿಯ ದಿನ ಬೆಳಿಗ್ಗೆ ಸಿದ್ದಮಲ್ಲಪ್ಪ ಅಕ್ಕನ ಗದ್ದೆಗೆ ನೀರು ತಿರುಗಿಸಿಕೊಳ್ಳಲು ಕೆರೆ ಏರಿಗೆ ಹೋದ. ತಲೆಗದ್ದೆಯ ಅಣ್ಣತಮ್ಮಂದಿರಾದ ಶಿವಮಲ್ಲಪ್ಪ, ಶಂಭುಲಿಂಗಪ್ಪ ಅಷ್ಟರಲ್ಲೇ ಅಲ್ಲಿದ್ದರು. ತಮಗೆ ಇನ್ನೊಂದು ಹೊತ್ತು ನೀರು ಬೇಕು ಎಂದರು. ಮಾತಿಗೆ ಮಾತು ಬೆಳೆಯಿತು. ಪುಟ್ಟಮಾದು ಗುದ್ದಲಿಯನ್ನು ಅಡ್ಡ ಮಲಗಿಸಿದ. ಕಿರಿಯವ ಶಂಭುಲಿಂಗಪ್ಪ ಅದನ್ನು ದಾಟಿದ್ದಲ್ಲದೆ ಎತ್ತಿ ಬೀಸಿಯೂ ಬಿಟ್ಟ. ಕೊಲ್ಲಲೆಂದೋ ಹೆದರಿಸಲೆಂದೋ ಆ ಶಿವನಿಗೇ ಗೊತ್ತು. ಸಿದ್ದಮಲ್ಲಪ್ಪ ನೆಲಕ್ಕೆ ಬಿದ್ದ. ಅಣ್ಣತಮ್ಮ ಇಬ್ಬರೂ ಓಡಿದರು. ಪುಟ್ಟಮಾದು ತನ್ನ ತಲೆವಸ್ತ್ರ ಬಿಚ್ಚಿ ಗಾಯಕ್ಕೆ ಸುತ್ತಿ, ಅವನನ್ನು ಬೆನ್ನ ಮೇಲೆ ಹೊತ್ತು, ಎಂದೂ ತಲೆ ಎತ್ತಿ ನಡೆಯದಿದ್ದ ಒಳಬೀದಿಯಲ್ಲಿ ಓಡುತ್ತಲೇ ಬಂದ. ಜಗಲಿಯ ಮೇಲೆ ಇಳಿಸುವಷ್ಟರಲ್ಲಿ ಜೀವ ಹೋಗಿತ್ತು.

ಆಮೇಲೆ ಅವನು ಕೆರೆಗೆ ಹಿಂತಿರುಗಿ, ರಕ್ತವಾದ ಗುದ್ದಲಿಯನ್ನು ತಂದು ದೊಡ್ಡಮಲ್ಲಮ್ಮನ ಹೊಸ್ತಿಲ ಮುಂದೆ ಇಟ್ಟು ಕೂತ.

ಮಧ್ಯಾಹ್ನ ಬಂದ ಸಬ್‌ಇನ್ಸ್‌ಪೆಕ್ಟರು ಕೆರೆಯ ಸೀಮೆಯವರಲ್ಲ. ಮಳೆ ನಂಬಿದ ಹೊಲದ ಸೀಮೆಯವರು. ತಮ್ಮನ ಹೆಣದ ಕಾಲಬಳಿ ಕೂತಿದ್ದ ದೊಡ್ಡಮಲ್ಲಮ್ಮನನ್ನು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮ ಎಂದು ಮೆತ್ತಗೇ ಕೇಳಿದರು. ಗುದ್ದಲಿ ತಂದಿಟ್ಟವರು ಯಾರು ಎಂದರು. ಅವನೇ ಎಂದಳು. ಏನಾದರೂ ಹೇಳಿದನೇ ಎಂದರು. ಏನೂ ಹೇಳಲಿಲ್ಲ, ಇಟ್ಟು ಕೂತುಕೊಂಡ ಎಂದಳು. ಅಷ್ಟೇ. ನೀರುಗಂಟಿ ಗುದ್ದಲಿ ಇಟ್ಟು ಕೂರುವುದು ಯಾತಕ್ಕೆ ಎನ್ನುವುದು ಲೋಕಕ್ಕೇ ಗೊತ್ತಿರುವ ಸಂಗತಿ, ಅದನ್ನೇನು ಬಿಡಿಸಿ ಹೇಳುವುದು ಎಂದು ಆಕೆ ಯೋಚಿಸಿಯೂ ಇರಲಿಲ್ಲ. ದುಃಖದಲ್ಲಿ ನಾಲಿಗೆ ಒಣಗಿತ್ತು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬರೆದುಕೊಂಡವರದೂ ತಪ್ಪಿಲ್ಲ. ಆದರೆ ಕಟ್ಟಳೆ ಗೊತ್ತಿಲ್ಲದವರಿಗೆ ಅದರ ಅರ್ಥ ಒಂದೇ: ಕೊಂದವನು ಆಯುಧದ ಸಮೇತ ಬಂದು ಶರಣಾದ. ಬಟ್ಟೆಯ ತುಂಬ ರಕ್ತ ಬೇರೆ. ಪುಟ್ಟಮಾದು ನಡೆದದ್ದು ಹೇಳಿದ್ದಕ್ಕೆ ಅಣ್ಣತಮ್ಮಂದಿರನ್ನೂ ಹಿಡಿದರು, ಅವನ ಮಾತನ್ನು ಪೂರ್ತಿ ನಂಬದೆ ಅವನನ್ನೂ ಹಿಡಿದರು. ಮೂವರೂ ಒಂದೇ ಕೇಸಿನ ಆರೋಪಿಗಳಾದರು. ಏರಿಯ ಆಚೆ ದನ ಮೇಯಿಸುತ್ತಿದ್ದವರು ಎಲ್ಲವನ್ನೂ ಕಂಡಿದ್ದರು, ಆದರೆ ಸಾಹುಕಾರರ ಮನೆಯ ವಿಷಯ ಎಂದು ಬಾಯಿಗೆ ಬೀಗ ಹಾಕಿಕೊಂಡರು.

ಕೊಲೆ ಕೇಸಿನಲ್ಲಿ ಜಾಮೀನು ಸಿಗುವುದು ಹುಲಿಯ ಹಾಲು ತಂದ ಹಾಗೆ ಎಂದು ಊರವರು ಅಂದುಕೊಂಡಿದ್ದರು. ಆದರೆ ಅಣ್ಣತಮ್ಮಂದಿರು ಮೈಸೂರಿನಿಂದ ದೊಡ್ಡ ವಕೀಲರನ್ನು ಹಿಡಿದರು. ಗುದ್ದಲಿ ಮೂರನೆಯವನದು, ತಂದಿಟ್ಟವನೂ ಅವನೇ, ಸತ್ತವನ ಅಕ್ಕನೇ ಹಾಗೆಂದು ಹೇಳಿದ್ದಾಳೆ, ನಮ್ಮ ಕಕ್ಷಿಗಾರರು ಅಲ್ಲಿದ್ದರು ಅಷ್ಟೇ ಎಂದು ಆ ವಕೀಲರು ಸೆಷನ್ಸ್ ಕೋರ್ಟಿನಲ್ಲಿ ವಾದಿಸಿದರು. ಇಬ್ಬರಿಗೂ ಜಾಮೀನಾಯಿತು. ಕಮಾನುಗಾಡಿಯಲ್ಲಿ ಊರಿಗೆ ಬಂದಿಳಿದರು. ಒಂದೇ ಕೇಸು, ಒಂದೇ ದಿನ ಒಳಗೆ ಹೋದವರು. ಗದ್ದೆ ಇದ್ದ ಇಬ್ಬರು ಹೊರಗೆ, ಗದ್ದೆ ಇಲ್ಲದವನು ಒಳಗೆ. ಅವನ ಪರವಾಗಿ ಅರ್ಜಿ ಹಾಕುವವರೇ ಇರಲಿಲ್ಲ.

ಗಾಡಿ ಬಂದ ಮಾರನೆಯ ದಿನ ಪುಟ್ಟಮಾದುವಿನ ಹೆಂಡತಿ ಚಿಕ್ಕನಿಂಗಮ್ಮ ದೊಡ್ಡಮಲ್ಲಮ್ಮನ ಅಂಗಳದಾಚೆ ಬಂದು ನಿಂತಳು. ಜೈಲಿನಲ್ಲಿ ಗಂಡನನ್ನು ನೋಡಿಕೊಂಡು ಬಂದಿದ್ದಳು. ಊರ ಮಾತು ಕೇಳಿ ಕೇಳಿ ಮಾದುವೂ ಕೈ ಸೇರಿಸಿದ್ದನೇನೋ ಎಂಬ ಅನುಮಾನ ಹೊಕ್ಕಿದ್ದ ದೊಡ್ಡಮಲ್ಲಮ್ಮನಿಗೆ ಅವಳ ಮುಖ ನೋಡುವುದು ಬೇಡವಾಗಿತ್ತು. ಆದರೂ ಬಂದದ್ದೇನು ಎಂದು ಕೇಳಿದಳು. ಬಿಡಿಸಿ ಎಂದಾಗಲಿ, ಅನ್ಯಾಯವಾಯಿತು ಎಂದಾಗಲಿ ಚಿಕ್ಕನಿಂಗಮ್ಮ ಹೇಳಲಿಲ್ಲ.

“ನಮ್ಮೋನು ಒಂದ್ ಮಾತು ಕೇಳ್ಕಂಡ್ ಬಾ ಅಂದವ್ನೆ ಕಣವ್ವ. ‘ಗುದ್ಲಿ ಇಟ್ಟು ಬಂದಿವ್ನಿ, ಅವ್ವಾರು ಎತ್ಕೊ ಅಂದ್ರಾ?’ ಅಂತ.”

ದೊಡ್ಡಮಲ್ಲಮ್ಮನಿಗೆ ಆಗ ಹೊಳೆಯಿತು. ಕೊಂದವನು ಎತ್ಕೊ ಎನ್ನುವ ಮಾತಿಗೆ ಕಾಯುತ್ತಾನೆಯೇ? ಅವನು ಕಟ್ಟಳೆ ನಡೆಸಲು ಕೂತವನು. ತಾನು ಬಿಡಿಸಿ ಹೇಳದೆ ನುಂಗಿಕೊಂಡ ಮಾತನ್ನೇ ಹಗ್ಗ ಮಾಡಿ ಅವನ ಕತ್ತಿಗೆ ಹಾಕಿದ್ದಾರೆ. ತಮ್ಮ ಸತ್ತ ದಿನದಿಂದ ಅತ್ತಿರದಷ್ಟು ಆಕೆ ಆಗ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಕೊರಳಿನ ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ತೆರಕಣಾಂಬಿಗೆ ನಡೆದು ಹೋಗಿ ಬಸ್ಸು ಹತ್ತಿದಳು. ಅಂದು ಕಂಡಕ್ಟರಿಗೆ ಒಂದು ಬೈಗುಳವೂ ಸಿಗಲಿಲ್ಲ. ಆಕೆಗೆ ಮೈ ಹುಷಾರಿಲ್ಲವೇನೋ ಎಂದು ಅವನಿಗೇ ಗಾಬರಿ.

ಚಾಮರಾಜನಗರದ ವಕೀಲ ಮಹದೇವಯ್ಯ ಇನ್ನೂ ಹೆಸರು ಮಾಡದ ಮನುಷ್ಯ. ಕೋಟಿನ ಮೊಣಕೈ ತೇಪೆ ಹಾಕಿದ್ದು. ದೊಡ್ಡಮಲ್ಲಮ್ಮ ಹೇಳಿದ್ದನ್ನೆಲ್ಲ ಕೇಳಿ, ನೀವು ಸತ್ತವನ ಕಡೆಯವರು, ಇವನ ಪರವಾಗಿ ನನ್ನ ಬಳಿ ಬರಬಹುದೇ ಎಂದು ಎರಡೆರಡು ಸಲ ವಿಚಾರಿಸಿದ. ಬಂದಿದ್ದೀನಲ್ಲ, ಇನ್ನೇನು ಕೇಳುತ್ತೀಯೆ ಎಂದಳು. ಚಿಕ್ಕನಿಂಗಮ್ಮನಿಂದ ವಕಾಲತ್ತು ಬರೆಸಿಕೊಂಡು ಮಹದೇವಯ್ಯ ಮೈಸೂರಿಗೆ ಹೋದ. ಅವನ ವಾದ ಚಿಕ್ಕದು. ಮೂವರ ಮೇಲೂ ಇರುವುದು ಒಂದೇ ಆರೋಪ. ಜಗಳಕ್ಕೆ ಬಂದವರೆಂದು ಪೊಲೀಸರೇ ಹೇಳುವ ಇಬ್ಬರು ಆಗಲೇ ಹೊರಗಿದ್ದಾರೆ. ಮೂರನೆಯವನಿಗೆ ಸತ್ತವನ ಮೇಲೆ ಯಾವ ಹಗೆಯೂ ಇರಲಿಲ್ಲ, ಓಡಿಯೂ ಹೋಗಲಿಲ್ಲ. ಜೊತೆ ಆರೋಪಿಗಳಿಗೆ ಸಿಕ್ಕಿದ್ದು ಇವನಿಗೆ ಏಕೆ ಸಿಗಬಾರದು? ನ್ಯಾಯಾಧೀಶರು ಒಪ್ಪಿದರು. ಆದರೆ ಒಂದು ಷರತ್ತು: ಸ್ವಂತ ಜಮೀನಿರುವ ಒಬ್ಬರು ಚಾಮರಾಜನಗರದ ಮ್ಯಾಜಿಸ್ಟ್ರೇಟರ ಮುಂದೆ ಜಾಮೀನು ನಿಲ್ಲಬೇಕು. ಆರೋಪಿ ತಲೆ ತಪ್ಪಿಸಿಕೊಂಡರೆ ಆ ಜಮೀನಿಗೆ ಕುತ್ತು.

ಇಲ್ಲಿಗೆ ಬಂದು ನಿಂತಿತು. ಪುಟ್ಟಮಾದುವಿನ ಕೇರಿಯಲ್ಲಿ ಜಮೀನಿದ್ದವರೇ ಇಲ್ಲ. ಊರಿನಲ್ಲಿ ಅಣ್ಣತಮ್ಮಂದಿರ ಕಡೆಯವರು ನಿಲ್ಲುವುದಿಲ್ಲ. ಅವನು ಒಳಗಿದ್ದಷ್ಟೂ ಅವರಿಗೆ ಕ್ಷೇಮ. ಸಿದ್ದಮಲ್ಲಪ್ಪನ ಕಡೆಯವರು ನಿಲ್ಲುವುದಿಲ್ಲ. ನಮ್ಮವನನ್ನು ಕೊಂದ ಕೇಸಿನವನಿಗೆ ನಾವೇ ಜಾಮೀನೇ ಎನ್ನುತ್ತಾರೆ. ಎರಡೂ ಕಡೆ ಸೇರದವರು, ಯಾಕೆ ಬೇಕು ಕೋರ್ಟಿನ ಸಹವಾಸ ಎಂದು ಹೆಗಲ ಮೇಲಿನ ಟವಲು ಕೊಡವಿದರು. ಅತ್ತ ತೂಬಿನ ಬಳಿ ಹೇಳುವವರು ಕೇಳುವವರು ಇಲ್ಲದೆ, ತೋಳಿನಲ್ಲಿ ಬಲ ಇದ್ದವನು ನೀರು ತಿರುಗಿಸಿಕೊಳ್ಳುತ್ತಿದ್ದ. ಕೆರೆ ತುಂಬ ನೀರಿದ್ದೂ ಬಾಲದ ಗದ್ದೆ ಬಿರುಕು ಬಿಡುತ್ತಿತ್ತು. ಪಕ್ಕದೂರಿನ ನೀರುಗಂಟಿಯನ್ನು ಕರೆದು ನೋಡಿದರು. ಒಬ್ಬ ಗುದ್ದಲಿ ಇಟ್ಟ ಕಡೆ ಇನ್ನೊಬ್ಬ ಎತ್ತುವುದುಂಟೇ ಎಂದು ಅವನು ಕೆರೆ ಏರಿಯನ್ನೂ ಹತ್ತದೆ ಹಿಂತಿರುಗಿದ.

ದೊಡ್ಡಮಲ್ಲಮ್ಮ ನಡುಬಾಗಿಲಲ್ಲಿ ನಿಂತು, ತಾನೇ ಜಾಮೀನು ನಿಲ್ಲುತ್ತೇನೆ ಎಂದು ತಮ್ಮನ ಹೆಂಡತಿಗೆ ಹೇಳಿದಳು. ಶಾಂತಮಲ್ಲಮ್ಮ ಕಡೆಯುತ್ತಿದ್ದ ಮಜ್ಜಿಗೆ ನಿಲ್ಲಿಸಿದಳು. ಅವಳಿಗೆ ತಿಳಿದದ್ದು ಇಷ್ಟೇ: ಊರೆಲ್ಲ ಕೊಂದವನು ಎಂದು ಹೇಳುವವನನ್ನು, ತನ್ನ ಗಂಡನ ಒಡಹುಟ್ಟು ಜೈಲಿನಿಂದ ಬಿಡಿಸಿ ತರುತ್ತಾಳೆ.

“ಆ ಗದ್ದೆ ನೀರಿಗೇ ಜೀವ ಬುಟ್ರು ನಿಮ್ ತಮ್ಮ. ಅದೇ ಗದ್ದೆ ಇಟ್ಟು ಅವ್ನ ಬುಡಿಸ್ತೀರಾ ಅಕ್ಕ?” ಎಂದಳು.

ಅದರ ಮೇಲೆ ಬಾಗಿಲು ಮುಚ್ಚಿತು, ಅಗುಳಿ ಬಿತ್ತು. ಅಷ್ಟು ವರ್ಷ ಉಪಯೋಗಿಸದ ಅಗುಳಿ ಕಿರುಗುಟ್ಟಿದ ಸದ್ದು ದೊಡ್ಡಮಲ್ಲಮ್ಮನ ಎದೆಗೇ ತಾಗಿತು. ಇರುವುದು ಒಂದೇ ಮನೆ, ಒಂದೇ ಜೀವ. ಅದೂ ಹೋದರೆ ತನಗೆ ಮಾತಾಡಲು ಗೋಡೆಯೇ ಗತಿ. ಹೋಗಲೋ ಬೇಡವೋ ಎಂದು ಆಕೆ ಒಂದು ದಿನವೆಲ್ಲ ಒದ್ದಾಡಿದಳು. ಕೊನೆಗೆ, ಬಾಗಿಲು ಇಂದಲ್ಲ ನಾಳೆ ತೆರೆದೀತು, ಗಲ್ಲಿಗೆ ಹೋದ ಕತ್ತು ಬಂದೀತೇ ಎಂದು ಎದ್ದಳು.

ಮೊದಲು ಗುಂಡ್ಲುಪೇಟೆಗೆ ಹೋಗಿ ಗದ್ದೆ ತನ್ನದೇ ಎಂದು ಸರ್ಟಿಫಿಕೇಟು ಪಡೆಯಬೇಕಿತ್ತು. ಕಚೇರಿಯ ಹೊರಗೆ ಮರದ ನೆರಳಿನಲ್ಲಿ ಅರ್ಜಿ ಬರೆಯುತ್ತಿದ್ದ ಮುದುಕನೊಬ್ಬ, ಜಮೀನಿನ ವಿಷಯಕ್ಕೆ ಗಂಡಸರು ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದ. ಗದ್ದೆ ಏನು ಮೀಸೆ ನೋಡಿಕೊಂಡು ಬೆಳೆಯುತ್ತದೆಯೇ ಎಂದು ಆಕೆ ತಿರುಗಿ ಕೇಳಿದಳು. ಸುತ್ತ ಇದ್ದವರು ನಕ್ಕರು, ಮುದುಕನೂ ನಕ್ಕ. ಅರ್ಜಿಯನ್ನು ದುಂಡಗೆ ಬರೆದುಕೊಟ್ಟ. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮಂಜು ಕರಗಿ ಬಿಸಿಲು ಬರುವಷ್ಟರಲ್ಲಿ ಆಕೆಯ ಕೆಲಸವಾಗಿತ್ತು. ಬಹಳ ದಿನದ ಮೇಲೆ ಹಸಿವಾಯಿತು ಎಂದು ಆಕೆ ಆಮೇಲೆ ಹೇಳುತ್ತಿದ್ದಳು.

ಚಾಮರಾಜನಗರದ ಕೋರ್ಟಿನಲ್ಲಿ ಆಕೆಯನ್ನು ಕರೆದರು. ಆರೋಪಿಗೂ ನಿಮಗೂ ಏನು ಸಂಬಂಧ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ನಮ್ಮೂರ ನೀರುಗಂಟಿ ಎಂದಳು. ಸತ್ತವರು ನಿಮಗೆ ಏನಾಗಬೇಕು ಎಂದರು. ನನ್ನ ತಮ್ಮ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಎಂದಳು. ಮ್ಯಾಜಿಸ್ಟ್ರೇಟರ ಲೇಖನಿ ನಿಂತಿತು. ಸರ್ಕಾರದ ವಕೀಲರು ಎದ್ದು, ಈಕೆ ನಮ್ಮ ಕಡೆಯ ಸಾಕ್ಷಿ, ಆರೋಪಿಗೆ ಜಾಮೀನು ನಿಲ್ಲುವುದೆಂದರೇನು ಎಂದು ಆಕ್ಷೇಪಿಸಿದರು. ನಿಲ್ಲಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ ಎಂದು ಮಹದೇವಯ್ಯ ಉತ್ತರ ಕೊಟ್ಟ. ಮ್ಯಾಜಿಸ್ಟ್ರೇಟರು ಇಬ್ಬರನ್ನೂ ಕೂರಿಸಿ ಆಕೆಯ ಕಡೆ ತಿರುಗಿದರು. ಇವನು ಓಡಿಹೋದರೆ ನಿಮ್ಮ ಗದ್ದೆ ಹೋಗುತ್ತದೆ, ಅದು ಗೊತ್ತಿದೆಯೇ ಎಂದು ಕೇಳಿದರು.

“ಓಡೋಗೋನಾಗಿದ್ರೆ ಅವತ್ತೇ ಓಡೋಯ್ತಿದ್ದ ಸ್ವಾಮಿ. ಅವತ್ತು ಓಡೋದೋರು ಯಾರು, ನನ್ ತಮ್ಮನ್ನ ಬೆನ್ ಮೇಲೆ ಒತ್ಕಂಡ್ ಬಂದು ಕೂತೋನು ಯಾರು ಅಂತ ನಾ ಬಲ್ಲೆ. ಅವತ್ತು ಪೊಲೀಸ್ನೋರು ಕೇಳಿದ್ದಕ್ಕೆ ಮಾತ್ರ ಯೋಳಮ್ಮ ಅಂದ್ರು, ಯೋಳ್ದೆ. ಇವತ್ತು ಕೇಳ್ದೆ ಇದ್ರೂ ಯೋಳ್ತೀನಿ.”

ಹೇಳಿದಳು. ಅಡ್ಡ ಮಲಗಿಸುವ ಗುದ್ದಲಿಯ ಕಥೆ, ಹೊಸ್ತಿಲ ಮುಂದೆ ಇಡುವ ಗುದ್ದಲಿಯ ಕಥೆ, ಯಾವ ವರ್ಷ ಯಾರ ಕರು ಬಿದ್ದು ಪುಟ್ಟಮಾದುವಿನ ಅಪ್ಪ ಎಲ್ಲಿ ಕೂತಿದ್ದ ಎನ್ನುವುದು, ತಾನು ಯಾವ ಸಲ ಎಷ್ಟು ಬೈದೆ ಎನ್ನುವುದು, ಎಲ್ಲವೂ ಬಂತು. ಬೆಂಚ್ ಗುಮಾಸ್ತರು ಗಡಿಯಾರ ನೋಡಿದರು, ಮ್ಯಾಜಿಸ್ಟ್ರೇಟರು ನೋಡಲಿಲ್ಲ. ಕೊನೆಗೆ ಅವರು, ಅಮ್ಮಾ, ಇದನ್ನು ನೀವು ವಿಚಾರಣೆಯ ದಿನ ಹೇಳಬೇಕು, ಒಂದು ಮಾತೂ ಬಿಡದೆ ಹೇಳಿ. ಇವತ್ತು ನಾನು ನೋಡಬೇಕಾದದ್ದು ಗದ್ದೆ ನಿಮ್ಮದೇ ಹೌದೋ ಅಲ್ಲವೋ ಎನ್ನುವುದಷ್ಟೇ ಎಂದರು. ನಂದೇ ಎಂದಳು. ಹೆಬ್ಬೆಟ್ಟು ಒತ್ತಿಸಿಕೊಂಡರು.

ಪುಟ್ಟಮಾದು ಹೊರಗೆ ಬಂದಾಗ ಗಡ್ಡ ಬೆಳೆದು ಗುರುತೇ ಸಿಗುತ್ತಿರಲಿಲ್ಲ. ಆಕೆಯ ಕಾಲಿಗೆ ಬೀಳಲು ಬಗ್ಗಿದವನನ್ನು, ಮೊದಲು ಬಸ್ಸು ಹತ್ತು ಎಂದು ಗದರಿಸಿದಳು. ಬಸ್ಸಿನಲ್ಲಿ ಅವನು ಆಕೆಯ ಸಮಕ್ಕೆ ಕೂರಲಾರದೆ ಬಾಗಿಲ ಕಂಬಿ ಹಿಡಿದು ನಿಂತ. ತೂಗಾಡುವುದನ್ನು ಸ್ವಲ್ಪ ಹೊತ್ತು ನೋಡಿ ಆಕೆಗೆ ರೇಗಿತು. “ಲೋ ಮಾದು, ಜಾಮೀನು ನಿಂತಿರೋಳು ನಾನು. ನೀ ಬಿದ್ದು ಕಾಲ್ ಮುರ್ಕಂಡ್ರೆ ಕೋರ್ಟಿಗೆ ಯಾರು ಉತ್ತರ ಕೊಡೋರು? ಕೂತ್ಕೊ,” ಎಂದಳು. ಬಸ್ಸಿನಲ್ಲಿದ್ದವರು ಹಿಂದಕ್ಕೂ ಮುಂದಕ್ಕೂ ನೋಡಿದರು. ಏನಾದರೂ ಅನ್ನಬೇಕೆಂದು ಬಾಯಿ ತೆರೆದ ಒಬ್ಬಿಬ್ಬರು ಆಕೆಯ ಮುಖ ಕಂಡು ಮುಚ್ಚಿಕೊಂಡರು. ಪುಟ್ಟಮಾದು ಸೀಟಿನ ಅಂಚಿನಲ್ಲಿ ಕೂತ.

ಕೇಸು ಕೊನೆಗೆ ಏನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಮಾರನೆಯ ವರ್ಷ ವಿಚಾರಣೆ ನಡೆಯಿತು. ಪುಟ್ಟಮಾದು ಒಂದು ತಾರೀಖನ್ನೂ ತಪ್ಪಿಸಲಿಲ್ಲ. ತಪ್ಪಿಸಲು ಜಾಮೀನುದಾರಳು ಬಿಡಬೇಕಲ್ಲ. ಸತ್ತವನ ಅಕ್ಕನೇ ನೀರುಗಂಟಿಯ ಪರ ನಿಂತದ್ದು ಕಂಡು ದನ ಮೇಯಿಸುವವರ ಬಾಯಿಯ ಬೀಗವೂ ಕಳಚಿತು. ಶಂಭುಲಿಂಗಪ್ಪನಿಗೆ ಶಿಕ್ಷೆಯಾಯಿತು, ಅಣ್ಣ ಬಿಡುಗಡೆಯಾದ, ಪುಟ್ಟಮಾದುವಿನ ಮೇಲೆ ಏನೂ ಇಲ್ಲವೆಂದು ತೀರ್ಪಾಯಿತು. ಆದರೆ ನೇರಳೆಕೆರೆಯಲ್ಲಿ ಅವನಿಗೆ ನಿಜವಾದ ಬಿಡುಗಡೆ ಆದದ್ದು ಆ ತೀರ್ಪಿಗಿಂತ ಬಹಳ ಮೊದಲು, ಜಾಮೀನಿನ ಮೇಲೆ ಬಂದ ಆ ವಾರವೇ.

ಬಂದ ಮರುದಿನ ಊರಿನವರು ಏರಿಯ ಮೇಲೆ ಸೇರಿದರು. ತೂಬು ತೆಗೆ ಎಂದರು. ಅವನು ಕೈಕಟ್ಟಿ ನಿಂತ. ಗುದ್ದಲಿ ಕೋರ್ಟಿನಲ್ಲಿ ಸಾಕ್ಷಿಯ ಸಾಮಾನಾಗಿ ಬಿದ್ದಿದೆ, ಬೇರೆ ಕೊಡುತ್ತೇವೆ ಎಂದರೂ ಕದಲಲಿಲ್ಲ. ದೊಡ್ಡಮಲ್ಲಮ್ಮನಿಗೆ ಅರ್ಥವಾಯಿತು. ನಾನೇ ಹೇಳುತ್ತಿದ್ದೇನೆ, ಎತ್ಕೊ ಎಂದಳು.

“ನೀವಲ್ಲ ಕಣವ್ವ. ಅವತ್ತು ನಿಮ್ ಗದ್ದೆ ನೀರು ಅಂತ ದಿಕ್ಕೆಟ್ಟು ನಿಮ್ ಹೊಸ್ತಿಲಲ್ಲಿ ಇಟ್ಬುಟ್ಟೆ. ಕಳ್ಕಂಡೋರು ಆ ತಾಯಿ. ಆ ತಾಯಿ ಎತ್ಕೊ ಅನ್ನಗಂಟ ನಾ ಮುಟ್ಟಾಕಿಲ್ಲ,” ಎಂದ.

ಹೇಳಿದವನು ನೇರವಾಗಿ ಬಂದು ಶಾಂತಮಲ್ಲಮ್ಮನ ಹೊಸ್ತಿಲ ಮುಂದೆ, ಬರಿಗೈಯಲ್ಲಿ ಕೂತ. ಬಾಗಿಲು ತೆರೆಯಲಿಲ್ಲ. ಆ ದಿನ ಹೋಯಿತು. ಮಾರನೆಯ ದಿನವೂ ಬಂದು ಕೂತ. ಬೈಗುಳವಾದರೂ ಬಂದಿದ್ದರೆ ಸಮಾಧಾನವಾಗುತ್ತಿತ್ತು. ಬೈಯುವುದನ್ನೇ ಅರಿಯದ ಹೆಂಗಸಿನ ಹೊಸ್ತಿಲಲ್ಲಿ ಕೂರುವುದು ಅವನಿಗೆ ಹೊಸದು. ಗದ್ದೆಯಲ್ಲಿ ತೆನೆಗೆ ಹೊಡೆ ಕಟ್ಟಬೇಕಾದ ಪೈರು ಹಳದಿಯಾಗುತ್ತಿತ್ತು.

ಆ ಮಧ್ಯಾಹ್ನ ದೊಡ್ಡಮಲ್ಲಮ್ಮ ಅಗುಳಿ ಹಾಕಿದ ನಡುಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಆಚೆ ಮಜ್ಜಿಗೆಯ ಸದ್ದು ಕೇಳುತ್ತಿತ್ತು. ಬಾಗಿಲಿಗೇ ಹೇಳುವಂತೆ ಮಾತಾಡತೊಡಗಿದಳು. ಆದರೆ ಈ ಸಲ ಕೋರ್ಟಿನ ಮಾತಲ್ಲ. ಅವತ್ತು ಶಾಂತಮಲ್ಲಮ್ಮ ಹಿತ್ತಿಲಲ್ಲಿ ಇದ್ದಳು, ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ನೋಡದ್ದನ್ನು ಹೇಳಿದಳು. ಮಾದು ಅವನನ್ನು ಜಗಲಿಗೆ ಇಳಿಸುವಾಗ ತಲೆ ಕಲ್ಲಿಗೆ ತಾಗೀತೆಂದು ತನ್ನ ಅಂಗೈ ಅಡಿಗೆ ಕೊಟ್ಟಿದ್ದ, ಆ ಕೈ ತೆಗೆಯಲು ಅವನಿಗೆ ಬಹಳ ಹೊತ್ತು ಮನಸ್ಸಾಗಲಿಲ್ಲ ಎಂದಳು. ಅವನ ತಲೆವಸ್ತ್ರ ಹೊಸದು, ಹಬ್ಬಕ್ಕೆಂದು ನಿನ್ನ ಗಂಡನೇ ಕೊಡಿಸಿದ್ದು, ಅದನ್ನೇ ಬಿಚ್ಚಿ ಸುತ್ತಿದ್ದ ಎಂದಳು. ಇದನ್ನು ನಾನು ಅವತ್ತೇ ಎಲ್ಲರ ಮುಂದೆ ಹೇಳಬೇಕಿತ್ತು, ಹೇಳಲಿಲ್ಲ ಕಣಮ್ಮಿ, ಬೇಡವಾದ ದಿನವೆಲ್ಲ ಬಡಬಡಿಸಿ ಬೇಕಾದ ದಿನ ಸುಮ್ಮನಾಗಿಬಿಟ್ಟೆ ಎಂದು ಅತ್ತಳು. ಆಚೆ ಮಜ್ಜಿಗೆಯ ಸದ್ದು ಯಾವಾಗಲೋ ನಿಂತಿತ್ತು.

ಮರುದಿನ ಬೆಳಿಗ್ಗೆ ಪುಟ್ಟಮಾದು ಬಂದು ಕೂತು ಇನ್ನೂ ಮೈ ಬಿಸಿಯಾಗಿರಲಿಲ್ಲ, ಬೀದಿಯ ಬಾಗಿಲು ತೆರೆಯಿತು. ಶಾಂತಮಲ್ಲಮ್ಮನ ಕೈಯಲ್ಲಿ ಒಂದು ಗುದ್ದಲಿ ಇತ್ತು. ಸಿದ್ದಮಲ್ಲಪ್ಪನದು. ಕಾವು ಅವನ ಕೈ ತಾಗಿ ತಾಗಿ ನುಣುಪಾಗಿತ್ತು. ಅವಳು ಹೊಸ್ತಿಲು ದಾಟಿ ಬಂದು, ಅದನ್ನು ಪುಟ್ಟಮಾದುವಿನ ಮುಂದೆ ಮಲಗಿಸಿದಳು.

“ಎತ್ಕೊ,” ಎಂದಳು.

ಅವನಿಗೆ ಕೈ ಬರಲಿಲ್ಲ. ಗುದ್ದಲಿಯನ್ನೇ ನೋಡುತ್ತ ಹುಡುಗರ ಹಾಗೆ ಅತ್ತ. ಅವಳು ಕಾದು ನಿಂತಳು. ಕೊನೆಗೆ ಅವನು ಎರಡೂ ಕೈಯಲ್ಲಿ ಎತ್ತಿ, ಹಣೆಗೆ ಒತ್ತಿಕೊಂಡು, ಕೆರೆಯ ಕಡೆ ನಡೆದ. ಬೀದಿಯ ಇಕ್ಕೆಲದಲ್ಲಿ ನಿಂತವರು ದಾರಿ ಬಿಟ್ಟರು. ದೊಡ್ಡಮಲ್ಲಮ್ಮ ಒಳಗೆ ಹೋಗಿ ನೋಡಿದರೆ ನಡುಬಾಗಿಲಿನ ಅಗುಳಿ ತೆಗೆದಿತ್ತು.

ಹೊತ್ತು ಇಳಿಯುವ ಮುಂಚೆ ನೀರು ಬಾಲದ ಗದ್ದೆಗೆ ಬಂತು. ಬಿರುಕುಗಳಿಗೆಲ್ಲ ಇಳಿದು, ಗುಳುಗುಳು ಎಂದು ಗಾಳಿ ಹೊರಹಾಕಿ, ಪೈರಿನ ಬುಡಕ್ಕೆ ಹತ್ತಿತು. ಇಬ್ಬರು ಹೆಂಗಸರೂ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ದೊಡ್ಡಮಲ್ಲಮ್ಮ ಎಷ್ಟು ಹೊತ್ತೆಂದು ಬಾಯಿ ಮುಚ್ಚಿಕೊಂಡಿರಬಲ್ಲಳು? ನೀರು ಜಾಸ್ತಿಯಾಯಿತು, ಬದು ಕರಗುತ್ತಿದೆ, ಜೈಲಿಗೆ ಹೋಗಿ ಬಂದು ಕೆಲಸ ಮರೆತೆಯೇನು ಎಂದು ಕಾಲುವೆಯಾಚೆ ಇದ್ದ ಪುಟ್ಟಮಾದುವಿಗೆ ಕೂಗಿ ಬೈಯತೊಡಗಿದಳು. ನೋಡಿದರೆ ನಿಜವಾಗಿಯೂ ಬದುವಿನ ಒಂದು ಮೂಲೆ ಕುಸಿದು ನಾಲ್ಕು ಪೈರು ಬಾಗಿದ್ದವು. ಅವನು ಓಡಿ ಬಂದು ಅದನ್ನು ಕಟ್ಟಿದ. ಕಟ್ಟಿ, ಹಳೆಯ ಅಭ್ಯಾಸದಂತೆ ತಲೆ ತಗ್ಗಿಸಿ, ಇಬ್ಬರ ಮುಂದೆ ಗುದ್ದಲಿ ಇಡಲು ಬಗ್ಗಿದ.

ಗುದ್ದಲಿ ಇನ್ನೂ ನೆಲ ಮುಟ್ಟಿರಲಿಲ್ಲ. “ಎತ್ಕೊ,” ಎಂದರು ಇಬ್ಬರೂ ಒಟ್ಟಿಗೇ.